ಕಂಬಳಿ ಸಾಹುಕಾರನ ಆರು ಜಡೆಮರ

ಮುದ್ದಕ್ಕ ಎಂದು ಹೆಸರಿಟ್ಟವರು ಅವಳನ್ನು ತೊಟ್ಟಿಲಲ್ಲಿ ನೋಡಿ ಇಟ್ಟಿರಬೇಕು. ಆಮೇಲೆ ನೋಡಿದ್ದರೆ ಬೇರೆ ಹೆಸರು ಹುಡುಕುತ್ತಿದ್ದರು. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ, ಒಮ್ಮೆ ಮನಸ್ಸಿಗೆ ಹಚ್ಚಿಕೊಂಡದ್ದನ್ನು ಬಿಡುವ ಜಾಯಮಾನವೇ ಅಲ್ಲ. ಚಳ್ಳಕೆರೆಯಿಂದ ನನ್ನಿವಾಳಕ್ಕೆ ಹೋಗುವ ದಾರಿಯ ಗೊಲ್ಲರ ಹಟ್ಟಿಯವಳು. ಒಬ್ಬ ಮನುಷ್ಯನ ಮೇಲೆ ಹನ್ನೊಂದು ಬೇಸಿಗೆ ಹಗೆ ಹಿಡಿದಳು. ಅದೇ ಹನ್ನೊಂದು ಬೇಸಿಗೆ ಅವನ ಮನೆಯ ಮರಗಳಿಗೆ ನೀರು ಹೊತ್ತಳು. ಅವಳ ಮಟ್ಟಿಗೆ ಎರಡೂ ಒಂದೇ ಕೆಲಸವಾಗಿತ್ತು.

ಆ ಮನುಷ್ಯ ದೊಡ್ಡೀರಪ್ಪ. ಚಳ್ಳಕೆರೆ ಪೇಟೆಯಲ್ಲಿ ಕಂಬಳಿ ಸಾಹುಕಾರ ಎಂದರೆ ಮಕ್ಕಳೂ ಅವನ ಮನೆ ತೋರಿಸುತ್ತಿದ್ದರು. ಸುತ್ತಲಿನ ಹಟ್ಟಿಗಳಿಂದ ಉಣ್ಣೆ ಕೊಂಡು, ಕಂಬಳಿ ನೇಯಿಸಿ, ಬಳ್ಳಾರಿಯ ಕಡೆಗೆ ಗಾಡಿ ತುಂಬಿಸಿ ಕಳಿಸುತ್ತಿದ್ದ. ಮೊದಲು ದುಡ್ಡು ಬಂತು, ಆಮೇಲೆ ಬಂಗಲೆ ಬಂತು, ಬಂಗಲೆಯ ಹಿಂದೆಯೇ ಜಂಬವೂ ಬಂತು. ಸಾವಿರದ ಒಂಬೈನೂರ ಮೂರನೆಯ ಇಸವಿಯಲ್ಲಿ ಬೆಂಗಳೂರಿಗೆ ಹೋದಾಗ ಯಾವುದೋ ದೊರೆಯ ಮನೆ ಮುಂದೆ ಸಾಲಾಗಿ ನಿಂತ ಮರಗಳನ್ನು ಕಂಡ. ಬುಡ ಅಗಲ, ತುದಿ ಚೂಪು, ನೆಲದಿಂದ ನೆತ್ತಿಯವರೆಗೂ ದಟ್ಟ ಹಸಿರು.

"ಬೇಸಿಗೆಯಲ್ಲೂ ಎಲೆ ಉದುರೋದಿಲ್ಲ, ವರ್ಷವಿಡೀ ಹೀಗೇ ಇರುತ್ತೆ" ಎಂದು ಅಲ್ಲಿನ ಮಾಲಿ ಹೇಳಿದ್ದೇ ತಡ, ದೊಡ್ಡೀರಪ್ಪ ಆರು ಸಸಿ ಕೊಂಡ. ಆ ಮುದಿ ಮಾಲಿಯನ್ನೂ ಎರಡು ವರ್ಷದ ಮಟ್ಟಿಗೆ ಒಪ್ಪಿಸಿ ಜೊತೆಗೇ ಕರೆತಂದ.

ಚಳ್ಳಕೆರೆಯ ಬೇಸಿಗೆ ಕಂಡವರಿಗೆ ಈ ಆಸೆ ಅರ್ಥವಾಗುತ್ತದೆ. ಮಾಘ ಕಳೆದರೆ ನೆಲ ಬೂದಿಬಣ್ಣ, ಜಾಲಿ ಬೂದಿಬಣ್ಣ, ದಾರಿಯಲ್ಲಿ ಹೋಗುವವರ ಮುಖವೂ ಅದೇ ಬಣ್ಣ. ಅಂಥ ಕಡೆ ಮನೆಯ ಮುಂದೆ ಆರು ಹಸಿರು ಮರ ನಿಂತರೆ ಊರು ತಿರುಗಿ ನೋಡದೆ ಇದ್ದೀತೆ? ಮಾಲಿ ಆ ಮರವನ್ನು ಸೈಪ್ರೆಸ್ ಎನ್ನುತ್ತಿದ್ದ. ಸಣ್ಣ ಎಲೆಗಳು ಒಂದರ ಮೇಲೊಂದು ಹೆಣೆದುಕೊಂಡು ಹೆಣ್ಣುಮಕ್ಕಳ ಜಡೆಯಂತೆ ಕಾಣುತ್ತಿದ್ದುದರಿಂದ ಊರಿನವರು ಜಡೆಮರ ಎಂದರು. ಆ ಹೆಸರೇ ನಿಂತಿತು.

ಸಸಿಗಳು ಮಳೆಗಾಲ ಕಳೆದವು, ಚಳಿಗಾಲ ಕಳೆದವು. ಚೈತ್ರದ ಬಿಸಿಲಿಗೆ ಅವುಗಳ ಪಡುವಣ ಮಗ್ಗುಲು ಕೆಂಪಗಾಗತೊಡಗಿತು. ಒದ್ದೆ ಕಂಬಳಿ ಸುತ್ತಿದರೆ ಉಳಿಯುತ್ತವೆ ಎಂದ ಮಾಲಿ. ಸಾಹುಕಾರನ ಉಗ್ರಾಣದ ತುಂಬ ಕಂಬಳಿಯೇ. ಆದರೆ ಹೊಸ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿರುತ್ತಾರೆ. ಅದು ಹಲಗೆಯಂತೆ ಸೆಟೆದಿರುತ್ತದೆ, ನೀರು ಕುಡಿಯುವುದಿಲ್ಲ. ಬಳಸಿ ಬಳಸಿ ಮೆತ್ತಗಾದ ಹಳೆಯ ಕಂಬಳಿಯೇ ಬೇಕು. ಅದೇ ಹೊತ್ತಿಗೆ ಉಣ್ಣೆಯ ಗಂಟು ಹೊತ್ತು ಅಂಗಳಕ್ಕೆ ಬಂದವನು ಮುದ್ದಕ್ಕನ ಅಪ್ಪ ಪಾತಣ್ಣ. ಅವನ ಹೆಗಲ ಮೇಲೆ ಹಳೆಯ ಕರಿಕಂಬಳಿ ಇತ್ತು.

ಅದು ಹೊದೆಯುವ ಕಂಬಳಿಯಲ್ಲ. ಹಟ್ಟಿಯ ಹಬ್ಬದಲ್ಲಿ ದೇವರನ್ನು ಕೂರಿಸುವ ಮೊದಲು ನೆಲಕ್ಕೆ ಕರಿಕಂಬಳಿ ಹಾಸುತ್ತಾರೆ, ಅದೇ ದೇವರ ಗದ್ದಿಗೆ. ಆ ಹಟ್ಟಿಯಲ್ಲಿ ಗದ್ದಿಗೆ ಹಾಸುವ ಹಕ್ಕು ಮೂರು ತಲೆಮಾರಿನಿಂದ ಪಾತಣ್ಣನ ಮನೆಯದು. ಹಬ್ಬಕ್ಕೆ ಮೂರೇ ದಿನ ಉಳಿದಿತ್ತು. ಉಣ್ಣೆ ಹಾಕಿ, ಹಾಗೆಯೇ ಕೆರೆಯಲ್ಲಿ ಕಂಬಳಿ ಒಗೆದುಕೊಂಡು ಹೋಗೋಣವೆಂದು ಬಂದಿದ್ದ.

"ಏನ್ಲೇ, ಆ ಹಳೇ ಕಂಬಳಿ ಇಲ್ಲಿ ಕೊಡು. ಬದ್ಲಿಗೆ ಹೊಸದೊಂದು ತಗೊಂಡೋಗು" ಎಂದ ದೊಡ್ಡೀರಪ್ಪ.

"ಇದು ಗದ್ದಿಗೆ ಕಂಬಳಿ ಸಾಹುಕಾರ್ರೆ. ಕೊಡಂಗಿಲ್ಲ" ಎಂದ ಪಾತಣ್ಣ.

"ದೇವ್ರಿಗೆ ಹೊಸದು ಹಾಸಿದ್ರಾಯ್ತು. ದೇವ್ರೇನು ಬೇಡ ಅಂತಾನೇನ್ಲೇ?"

ಅಂಗಳದಲ್ಲಿದ್ದವರು ನಕ್ಕರು. ಆ ನಗು ದೊಡ್ಡೀರಪ್ಪನ ತಲೆಗೇರಿತು. ಇಬ್ಬರು ಆಳುಗಳು ಪಾತಣ್ಣನ ತೋಳು ಹಿಡಿದರು, ಮೂರನೆಯವನು ಕಂಬಳಿ ಎಳೆದುಕೊಂಡ. ಕುಡುಗೋಲಿನಿಂದ ಅದನ್ನು ಆರು ತುಂಡು ಮಾಡಿ, ಬಚ್ಚಲ ನೀರಲ್ಲಿ ಅದ್ದಿ ಆರು ಸಸಿಗೆ ಸುತ್ತಿದರು. ದೊಡ್ಡೀರಪ್ಪನ ಮನೆಯಲ್ಲೂ ಅಜ್ಜನ ಕಾಲದ ಗದ್ದಿಗೆ ಕಂಬಳಿ ಇತ್ತು, ಅವನೂ ಕಂಬಳಿಯ ಮೇಲೆ ದೇವರನ್ನು ಕೂರಿಸುವ ಜನವೇ. ತಿಳಿಯದೆ ಮಾಡಿದ ಎನ್ನುವ ಹಾಗಿಲ್ಲ. ತಿಳಿದೇ ಮಾಡಿದ, ಮಾಡಿ ನಕ್ಕ. ಪಾತಣ್ಣನ ಮುಂದೆ ಹೊಸ ಕಂಬಳಿಯೊಂದನ್ನು ಎಸೆದರು. ಅವನು ಅದನ್ನು ಮುಟ್ಟದೆ ಬರಿಹೆಗಲಲ್ಲಿ ಹಟ್ಟಿಯ ದಾರಿ ಹಿಡಿದ.

ಹಟ್ಟಿಯ ಹಿರಿಯರು ಕೂಡಿದರು. ಅವರ ಕಟ್ಟಳೆ ಹೀಗಿತ್ತು: ಗದ್ದಿಗೆ ಕತ್ತರಿಸಿದವನು ಹಟ್ಟಿಗೆ ಬರಬೇಕು, ಒಂದೊಂದು ಮನೆಯ ಬಾಗಿಲಲ್ಲೂ ನಿಂತು ಇಂಥವನ ಗದ್ದಿಗೆ ಕತ್ತರಿಸಿದೆ ಎಂದು ಹೆಸರು ಹಿಡಿದು ಹೇಳಿ ತಪ್ಪೊಪ್ಪಿಕೊಳ್ಳಬೇಕು. ಅಲ್ಲಿಯವರೆಗೆ ಗದ್ದಿಗೆ ಕಳೆದುಕೊಂಡ ಮನೆಗೆ ಅದನ್ನು ಹಾಸುವ ಹಕ್ಕಿಲ್ಲ. ತಪ್ಪು ಒಬ್ಬನದು, ಶಿಕ್ಷೆ ಇನ್ನೊಬ್ಬನಿಗೆ. ಕಟ್ಟಳೆಗೆ ಕರುಣೆ ಎಲ್ಲಿಯದು? ಇಬ್ಬರು ಹಿರಿಯರು ಚಳ್ಳಕೆರೆಗೆ ಹೋಗಿ ವಿಷಯ ತಿಳಿಸಿದರು.

"ಒಂದು ಹರಕಲು ಕಂಬಳಿಗೆ ನಾನು ಕುರಿ ಕಾಯೋರ ಬಾಗ್ಲು ಬಾಗ್ಲು ಅಲೀಬೇಕಾ? ಹೋಗ್ರಿ ಹೋಗ್ರಿ" ಎಂದು ದೊಡ್ಡೀರಪ್ಪ ಅವರನ್ನು ಅಟ್ಟಿದ.

ಆ ಹಬ್ಬದಲ್ಲಿ ಗದ್ದಿಗೆಯನ್ನು ಬೇರೆ ಮನೆಯವರು ಹಾಸಿದರು. ಪಾತಣ್ಣ ಗುಡಿಸಲ ಬಾಗಿಲಲ್ಲಿ ಕೂತು ನೋಡಿದ. ಆಮೇಲೆ ಅವನು ಇನ್ನೊಂದು ಕಂಬಳಿ ಹೊದೆಯಲಿಲ್ಲ. ಹೆಂಡತಿ ಕ್ಯಾತಮ್ಮ ಅತ್ತು ಕರೆದು ಹೇಳಿದಳು, ಬೈದಳು, ಮಲಗಿದಾಗ ಮೇಲೆ ಹೊದಿಸಿದಳು. ಎಚ್ಚರವಾದೊಡನೆ ತೆಗೆದು ಪಕ್ಕಕ್ಕಿಡುತ್ತಿದ್ದ. ಜಡಿಮಳೆಯ ಚಳಿಯಲ್ಲೂ ಬರಿಮೈಯಲ್ಲೇ ಕುರಿಯ ಹಿಂದೆ ಹೋದ. ಎದೆಗೆ ಕಫ ಕಟ್ಟಿತು. ದೀಪಾವಳಿಗೆ ಮುಂಚೆಯೇ ಹೋಗಿಬಿಟ್ಟ. ಸಾಯುವ ಹಿಂದಿನ ದಿನ ಮಗಳನ್ನು ಕರೆದು, "ಗದ್ದಿಗೆ ನಮ್ಮ ಮನೆಗೆ ಬರ್ಬೇಕು ಮಗಾ" ಎಂದಿದ್ದ. ಮುದ್ದಕ್ಕನಿಗೆ ಆಗ ಹತ್ತೊಂಬತ್ತು ವರ್ಷ. ಗಂಡ ಹಿಂದಿನ ವರ್ಷವೇ ತೀರಿಕೊಂಡದ್ದರಿಂದ ತವರಿಗೆ ಬಂದಿದ್ದಳು.

ಅಪ್ಪನನ್ನು ಮಣ್ಣು ಮಾಡಿದ ಮೂರನೆಯ ದಿನ ಅವಳು ಕುಡುಗೋಲನ್ನು ಸೆರಗಿನೊಳಗೆ ಸಿಕ್ಕಿಸಿಕೊಂಡು ಬಂಗಲೆಗೆ ಹೋದಳು. ಆರು ಸಸಿಯನ್ನೂ ಕೊಚ್ಚಿ ಬರುವುದೆಂದು ತೀರ್ಮಾನಿಸಿದ್ದಳು. ಬೇಲಿಯ ಹತ್ತಿರ ನಿಂತಾಗ ಒಳಗೆ ಸಾಹುಕಾರ ಮಾಲಿಯ ಜೊತೆ ಮಾತಾಡುತ್ತಿದ್ದ. ಒಂದು ಸಸಿ ಯಾಕೋ ಸೊರಗಿದೆ ಎಂದು ಮಾಲಿ ಹೇಳಿದ್ದಕ್ಕೆ, "ಸತ್ರೆ ಸಾಯ್ಲಿ, ಇನ್ನಾರು ತರಿಸಿದ್ರಾಯ್ತು" ಎಂದು ಹೇಳಿ ಒಳಗೆ ಹೋದ. ಮುದ್ದಕ್ಕನ ಕೈ ಅಲ್ಲಿಯೇ ನಿಂತಿತು. ಇವನಿಗೆ ಬೇಡವಾದದ್ದನ್ನು ಕಡಿದರೆ ಇವನಿಗೇನು ನೋವು? ಮೊದಲು ಬೇಕಾಗಲಿ. ಇದಿಲ್ಲದೆ ಬದುಕೇ ಇಲ್ಲ ಎನ್ನುವಷ್ಟು ಬೇಕಾಗಲಿ. ಆಮೇಲೆ ನೋಡೋಣ. ಅವಳು ಕುಡುಗೋಲನ್ನು ಕೈಗೆ ತೆಗೆದುಕೊಂಡು ಒಳಗೆ ಹೋಗಿ ತೋಟದ ಕೆಲಸ ಕೇಳಿದಳು. ಯಾರ ಮಗಳು ಎಂದು ಯಾರೂ ವಿಚಾರಿಸಲಿಲ್ಲ. ಆಳಿಗೆ ಅಪ್ಪ ಯಾರಾದರೇನು!

ಮಾಲಿ ಒಳ್ಳೆಯ ಮನುಷ್ಯ. ತನಗೆ ಗೊತ್ತಿದ್ದದ್ದನ್ನೆಲ್ಲ ಅವಳಿಗೆ ಕಲಿಸಿದ. ಬುಡದ ಸುತ್ತ ಹಾರೆಯಿಂದ ಗಟ್ಟಿನೆಲ ಒಡೆದು ಕೆರೆಯ ಗೋಡುಮಣ್ಣು ತುಂಬಬೇಕು. ಕುರಿಗೊಬ್ಬರ ಹಳೆಯದಾಗಿರಬೇಕು, ಹಸಿಯದು ಬೇರನ್ನು ಸುಡುತ್ತದೆ. ಗೆದ್ದಲಿಗೆ ಬೇವಿನ ಹಿಂಡಿ. ನೀರು ಬೆಳಿಗ್ಗೆ ಹೊತ್ತೇರುವ ಮೊದಲು, ಅದೂ ಬುಡಕ್ಕೆ ಅಂಟಿ ಹಾಕಬಾರದು. ಆಷಾಢದ ಗಾಳಿಗೆ ಮೂರು ಕಡೆ ಗೂಟ. ಎರಡು ವರ್ಷದ ಅವಧಿ ಮುಗಿಸಿ ಬೆಂಗಳೂರಿಗೆ ಹೊರಟ ದಿನ ಅವನು ಇನ್ನೊಂದು ಮಾತು ಹೇಳಿದ.

"ಇದು ನಿಮ್ಮ ಬೇವಲ್ಲಮ್ಮ. ತುದಿಯ ಹಸಿರನ್ನ ಅಷ್ಟಿಷ್ಟು ಕತ್ತರಿಸಿದ್ರೆ ಪರವಾಗಿಲ್ಲ. ಹಸಿರಿಲ್ಲದ ಹಳೇ ಕಟ್ಟಿಗೆವರೆಗೂ ಕಡಿದ್ರೆ ಮುಗೀತು, ಆ ಜಾಗದಿಂದ ಮತ್ತೆ ಚಿಗುರೋದಿಲ್ಲ. ಸಾಹುಕಾರರಿಗೂ ಹೇಳಿಬಿಡು."

ಹೇಳಿಬಿಡುತ್ತೇನೆ ಎಂದಳು. ಹೇಳಲಿಲ್ಲ. ಬದಲಿಗೆ ಹಿಂಬದಿಯ ಮರದಲ್ಲಿ ಯಾರಿಗೂ ಕಾಣದ ಕೊಂಬೆಯೊಂದನ್ನು ಬುಡದವರೆಗೆ ಕಡಿದು, ಮೂರು ಮಳೆಗಾಲ ಅದರ ಮೇಲೆ ಕಣ್ಣಿಟ್ಟಳು. ಒಂದು ಮೊಳಕೆಯೂ ಬರಲಿಲ್ಲ. ಮಾಲಿಯ ಮಾತು ನಿಜವೆಂದು ಖಾತ್ರಿಯಾದ ದಿನ ಮುದ್ದಕ್ಕ ಹೊಟ್ಟೆ ತುಂಬ ಉಂಡಳಂತೆ.

ಆ ಭಾಗದಲ್ಲಿ ಮರ ಕಡಿಯುವುದೆಂದರೆ ಮರಕ್ಕೆ ಉಪಕಾರ ಮಾಡಿದ ಹಾಗೆ. ಕುರಿಗೆ ಸೊಪ್ಪಿಲ್ಲದಾಗ ಬೇವು, ಹೊಂಗೆ, ಜಾಲಿ ಎಲ್ಲವನ್ನೂ ಬೋಳಾಗುವವರೆಗೆ ಸವರುತ್ತಾರೆ. ಶಿವರಾತ್ರಿಗೆ ಸವರಿದ ಮರ ಯುಗಾದಿಗೆ ಒಂದಕ್ಕೆ ಹತ್ತಾಗಿ ಚಿಗುರುತ್ತದೆ. ಕಡಿದರೆ ಚಿಗುರದ ಮರವೂ ಇರುತ್ತದೆ ಎಂದರೆ ಅಲ್ಲಿ ಯಾರೂ ನಂಬುವವರಲ್ಲ. ಇದನ್ನು ಮುದ್ದಕ್ಕ ಚೆನ್ನಾಗಿ ಬಲ್ಲಳು. ಅವಳು ಕಾದದ್ದು ಇದಕ್ಕಾಗಿಯೇ.

ವರ್ಷಗಳು ಉರುಳಿದವು. ಮರಗಳು ಬಂಗಲೆಯ ಹೆಂಚನ್ನು ದಾಟಿ ಬೆಳೆದವು. ಉರಿಬಿಸಿಲಲ್ಲಿ ಊರೆಲ್ಲ ಸುಟ್ಟ ರೊಟ್ಟಿಯಂತೆ ಕಾಣುವಾಗ ಆ ಆರು ಮರ ಮಾತ್ರ ಹಸಿರಾಗಿ ನಿಂತಿರುತ್ತಿದ್ದವು. ಪರಶುರಾಂಪುರದ ಕಡೆಯಿಂದ ಬರುವ ಗಾಡಿಯವರು ಎತ್ತು ನಿಲ್ಲಿಸಿ ನೋಡುತ್ತಿದ್ದರು. ಅಮಲ್ದಾರರು ಬಂದರೂ ದೊಡ್ಡೀರಪ್ಪ ಮೊದಲು ಮರ ತೋರಿಸಿ ಆಮೇಲೆ ಮನೆಯೊಳಗೆ ಕರೆಯುತ್ತಿದ್ದ. ಸಂಜೆಯಾದರೆ ಮರಗಳ ನಡುವೆ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದ. ಒಂದು ಎಲೆ ಕೆಂಪಾದರೆ ಊಟ ಸೇರುತ್ತಿರಲಿಲ್ಲ. ಇನ್ನಾರು ತರಿಸಿದ್ರಾಯ್ತು ಎಂದಿದ್ದ ಮನುಷ್ಯನೇ ಇವನು!

ಮುದ್ದಕ್ಕನಿಗೂ ಆ ಮರಗಳು ಚೆಂದ ಕಾಣುತ್ತಿದ್ದವು. ಅದಕ್ಕೆ ತನ್ನ ಮೇಲೆಯೇ ಅವಳಿಗೆ ಸಿಟ್ಟು ಬರುತ್ತಿತ್ತು. ಬೆಳಿಗ್ಗೆ ನೀರು ಹಾಕುವಾಗ ಆ ಎಲೆಯ ಕಂಪಿಗೆ ಮನಸ್ಸು ಹಗುರವಾದರೆ, ಬೇಕೆಂದೇ ಅಪ್ಪನ ಬರಿಹೆಗಲನ್ನು ನೆನೆಸಿಕೊಳ್ಳುತ್ತಿದ್ದಳು. ಮನೆಯಲ್ಲಿ ಕ್ಯಾತಮ್ಮ ಸುಮ್ಮನೆ ಬಿಡುತ್ತಿರಲಿಲ್ಲ.

"ನಿಮ್ಮಪ್ಪನ್ನ ಕೊಂದೋನ ಮರಕ್ಕೆ ನೀರು ಹೊರ್ತೀಯಲ್ಲೇ, ನಾಚ್ಕೆ ಆಗಲ್ವಾ ನಿಂಗೆ?"

"ತಾಳವ್ವ. ಇನ್ನಷ್ಟು ಎತ್ರ ಬರ್ಲಿ" ಎನ್ನುತ್ತಿದ್ದಳು ಮುದ್ದಕ್ಕ. ಅದಕ್ಕಿಂತ ಹೆಚ್ಚು ತಾಯಿಗೂ ಬಾಯಿ ಬಿಡಲಿಲ್ಲ.

ಹನ್ನೊಂದನೆಯ ಬೇಸಿಗೆ ಹತ್ತಿರವಾದಾಗ ಅವಳು ಕಾದ ಗಳಿಗೆ ಮೊಳಕಾಲ್ಮೂರಿನಿಂದ ಬಂತು. ಅಲ್ಲಿ ಹುಲಿಯಪ್ಪನೆಂಬ ರೇಷ್ಮೆ ಸೀರೆಯ ವ್ಯಾಪಾರಿ. ಅವನೂ ಬಂಗಲೆ ಕಟ್ಟಿಸಿ, ಅವನೂ ಮರ ತರಿಸಿದ್ದ. ದೊಡ್ಡೀರಪ್ಪ ಹೋಗಿ ನೋಡಿದರೆ ಅವನ ಎಳೆಯ ಮರಗಳು ಎದೆಮಟ್ಟಕ್ಕೆ, ಗೋಡೆ ಕಟ್ಟಿದ ಹಾಗೆ ಒತ್ತಾಗಿ ದುಂಡಗಿವೆ. "ನಿಮ್ಮವು ಎತ್ರ ಐದಾವೆ ನಿಜ. ಬುಡ ಬರಿದಾಗೈತಲ್ಲ ದೊಡ್ಡೀರಪ್ಪನೋರೆ" ಎಂದು ಹುಲಿಯಪ್ಪ ನಗುನಗುತ್ತಲೇ ಚುಚ್ಚಿದ. ದೊಡ್ಡೀರಪ್ಪ ಅಲ್ಲಿಯೇ, ನಾಲ್ಕು ಜನರೆದುರು, "ಯುಗಾದಿ ಕಳೆದು ಹದಿನೈದು ದಿನಕ್ಕೆ ನಮ್ಮ ಮನೆಗೆ ಬರ್ರಿ, ಒತ್ತು ಅಂದ್ರೇನು ತೋರಿಸ್ತೀನಿ" ಎಂದು ಕರೆದು ಬಂದ.

ಶಿವರಾತ್ರಿಯ ಮರುದಿನ ಮುದ್ದಕ್ಕನನ್ನು ಕೂಗಿದ.

"ಆರೂ ಮರಾನ ಸೊಂಟದ ಮಟ್ಟಕ್ಕೆ ಕಡಿದ್ಬಿಡು. ಒಂದಕ್ಕೆ ಹತ್ತು ಚಿಗುರ್ಬೇಕು, ಗೋಡೆ ಆಗ್ಬೇಕು."

ಹಲವು ವರ್ಷದ ಹಿಂದೆ ಅವಳು ಮನಸ್ಸಿನಲ್ಲೇ ಒಂದು ಆಣೆ ಮಾಡಿಕೊಂಡಿದ್ದಳು. ಕೊನೆಯ ಗಳಿಗೆಯಲ್ಲಿ ಒಂದು ಮಾತು ಕೇಳುವುದು. ಇವನ ಬಾಯಿಂದ ಅಪ್ಪನ ಹೆಸರು ಬಂದರೆ ಕಡಿಯಬೇಡಿ ಎಂದು ಹೇಳಿಬಿಡುವುದು.

"ಸಾಹುಕಾರ್ರೆ, ಈ ಮರ ಎಳೇವಿದ್ದಾಗ ಕಂಬಳಿ ಸುತ್ತಿದ್ರಂತೆ. ಅದು ಯಾರ್ದು, ನೆನಪೈತಾ?"

"ಯಾವನೋ ಕುರಿ ಕಾಯೋನ್ದು. ಅದ್ಯಾಕೆ ಈಗ? ಹೇಳಿದಷ್ಟು ಮಾಡು."

"ಹೇಳಿದಷ್ಟೇ ಮಾಡ್ತೀನಿ" ಎಂದಳು ಮುದ್ದಕ್ಕ.

ಕೊಡಲಿ ತಾನೇ ಹಿಡಿದಳು. ಬೇರೆ ಆಳು ಬೇಡವೆಂದಳು. ಮೊದಲ ನಾಲ್ಕು ಮರವನ್ನು ಒಂದೇ ಸಮನೆ ಕಡಿದಳು. ಐದನೆಯದು ಗಾಳಿಗೆ ಒರಗಿದ್ದಾಗ ಅವಳೇ ಗೂಟ ಕೊಟ್ಟು ನಿಲ್ಲಿಸಿದ ಮರ. ಅದಕ್ಕೆ ಕೊಡಲಿ ಎತ್ತಿದಾಗ ಕಣ್ಣು ಮಂಜಾಯಿತು. ಒರೆಸಿಕೊಂಡು ಕಡಿದಳು. ಮೂರು ದಿನ ಅಂಗೈಯಿಂದ ಆ ಅಂಟಿನ ವಾಸನೆ ಹೋಗಲಿಲ್ಲ.

ಯುಗಾದಿ ಬಂತು. ಬೇವು ಚಿಗುರಿತು, ಹೊಂಗೆ ಚಿಗುರಿತು, ಬೇಲಿಗೆ ನೆಟ್ಟ ಒಣಗೂಟವೂ ಎರಡೆಲೆ ಬಿಟ್ಟಿತು. ಆರು ಮೋಟುಗಳು ಮಾತ್ರ ನಿಂತಂತೆಯೇ ನಿಂತಿದ್ದವು. ದೊಡ್ಡೀರಪ್ಪ ದಿನಕ್ಕೆ ನಾಲ್ಕು ಸಲ ಬಂದು ಉಗುರಿನಿಂದ ತೊಗಟೆ ಕೆರೆದು ನೋಡುತ್ತಿದ್ದ. ಒಳಗೆ ಇನ್ನೂ ಹಸಿ ಇರುತ್ತಿತ್ತು. ಆ ಹಸಿಯೇ ಅವನಿಗೆ ಆಸೆ ಹುಟ್ಟಿಸಿ ಕೊಲ್ಲುತ್ತಿತ್ತು. ತಾನೇ ಕೊಡ ಹೊತ್ತು ನೀರು ಸುರಿದ. ನಾಯಕನಹಟ್ಟಿಯ ದೇವರಿಗೆ ಹರಕೆ ಹೊತ್ತ. ಹುಲಿಯಪ್ಪ ಬರುವುದಕ್ಕೆ ಐದು ದಿನ ಉಳಿದಾಗ ಬುಡದಲ್ಲೇ ಕುಸಿದು ಕೂತ.

"ಬಿಸಿಲು ಮೊಳಕೇನ ಸುಡ್ತಾ ಐತೆ ಕಣೇ. ಏನ್ ಮಾಡೋದು?"

"ಎಳೇವಿದ್ದಾಗ ಹಳೇ ಕಂಬಳಿ ಸುತ್ತಿ ಉಳಿಸಿದ್ರಂತಲ್ಲ ಸಾಹುಕಾರ್ರೆ" ಎಂದಳು ಮುದ್ದಕ್ಕ.

ಉಪಾಯ ಅವನಿಗೆ ಹಿಡಿಸಿತು. ಹಳೆಯ ಕಂಬಳಿ ಕೊಂಡು ತರಲು ಸುತ್ತಲಿನ ಹಟ್ಟಿಗಳಿಗೆ ಆಳು ಕಳಿಸಿದ. ಯಾರೂ ಕೊಡಲಿಲ್ಲ. ಪಾತಣ್ಣ ಸತ್ತ ವರ್ಷವೇ ಹಟ್ಟಿಗಳಲ್ಲಿ ಮಾತಾಗಿತ್ತು: ಕಂಬಳಿ ಸಾಹುಕಾರನಿಗೆ ಉಣ್ಣೆ ಮಾರೋಣ, ಮೈಮೇಲಿನ ಕಂಬಳಿ ಕೊಡುವುದು ಬೇಡ. ಉಗ್ರಾಣದ ಹೊಸ ಕಂಬಳಿ ನೆನೆಸಿ ನೋಡಿದ. ಗಂಜಿಯ ಮೇಲೆ ನೀರು ಜಾರಿ ಹೋಯಿತು. ಕೊನೆಗೆ ಅವನು ದೇವರ ಕೋಣೆಗೆ ಹೋದ. ಪೆಟ್ಟಿಗೆ ತೆಗೆದು, ಅಜ್ಜನ ಕಾಲದ ಗದ್ದಿಗೆ ಕಂಬಳಿಯನ್ನು ಹೊರಗೆ ತಂದ. ಒಳಗಿನಿಂದ ಹೆಂಡತಿ ಕೂಗಿಕೊಂಡಳು.

"ದೇವ್ರಿಗೆ ಹೊಸದು ಹಾಸಿದ್ರಾಯ್ತು, ಸುಮ್ನಿರೇ" ಎಂದ.

ಮುದ್ದಕ್ಕ ತನ್ನ ಕುಡುಗೋಲನ್ನು ಅವನ ಕೈಗಿತ್ತಳು. ಹನ್ನೊಂದು ವರ್ಷದ ಹಿಂದೆ ಸೆರಗಿನಲ್ಲಿ ತಂದಿದ್ದ ಅದೇ ಕುಡುಗೋಲು. ಬೀದಿಯಲ್ಲಿ ಜನ ನಿಂತರು. ಅವರೆಲ್ಲರ ಎದುರಿಗೆ ದೊಡ್ಡೀರಪ್ಪ ಕೈಯಾರೆ ಕಂಬಳಿಯನ್ನು ಆರು ತುಂಡು ಮಾಡಿದ, ನೀರಿಗೆ ಅದ್ದಿದ, ಮೊಣಕಾಲೂರಿ ಮೋಟುಗಳಿಗೆ ಒಂದೊಂದಾಗಿ ಕಟ್ಟಿದ. ಆರನೆಯ ಗಂಟು ಬೀಳುವವರೆಗೆ ಮುದ್ದಕ್ಕ ಕಾದಳು.

"ಇವು ಚಿಗುರಲ್ಲ ಸಾಹುಕಾರ್ರೆ" ಎಂದಳು ಆಮೇಲೆ. "ಈ ಜಾತಿ ಮರ ಕಟ್ಟಿಗೆವರ್ಗೂ ಕಡಿದ್ರೆ ಮತ್ತೆ ಚಿಗುರಲ್ಲ. ಬೆಂಗಳೂರಿನ ಮಾಲಿ ಆಗ್ಲೇ ಹೇಳಿದ್ದ."

ದೊಡ್ಡೀರಪ್ಪ ನೆಲದ ಮೇಲಿದ್ದ ಕುಡುಗೋಲನ್ನು ಹಿಡಿದು ಎದ್ದ. "ಗೊತ್ತಿದ್ದೂ ಕಡಿದೇನೇ ಪಾಪಿ? ನಾನೇನು ಮಾಡಿದ್ದೆ ನಿಂಗೆ?"

"ನಿಮ್ಮ ಕೈಯಾಗಿರೋದು ನೋಡ್ಕಳ್ರಿ. ಇವತ್ತು ನಿಮ್ಮ ಗದ್ದಿಗೆಗೆ ಮಾಡಿದ್ದನ್ನೇ ಆವತ್ತು ನಮ್ಮಪ್ಪನ ಗದ್ದಿಗೆಗೆ ಮಾಡಿದ್ರಿ."

ಅವನು ಕೈಯಲ್ಲಿದ್ದ ಕುಡುಗೋಲನ್ನು ನೋಡಿದ, ಮೋಟುಗಳಿಗೆ ಕಟ್ಟಿದ ಕಂಬಳಿಯ ತುಂಡುಗಳನ್ನು ನೋಡಿದ. ನೆನಪು ಬಂದದ್ದು ಮುಖದಲ್ಲೇ ಕಾಣಿಸಿತು. "ಆ ಮುದುಕ... ಅವನ ಹೆಸ್ರೇನು?"

"ನಾನು ಹೇಳಲ್ಲ. ಹಟ್ಟಿಗೆ ಬಂದು ಕೇಳ್ರಿ" ಎಂದು ಕುಡುಗೋಲು ಕಿತ್ತುಕೊಂಡು ಹೊರಟಳು. ಅವನ ಮುಖ ನೋಡಿ ಅವಳಿಗೆ ಸಂತೋಷವಾಯಿತು. ಅದನ್ನು ಅವಳು ಯಾವತ್ತೂ ಮುಚ್ಚಿಡಲಿಲ್ಲ.

ಹುಲಿಯಪ್ಪ ಬಂದ, ಕಂಬಳಿ ಹೊದ್ದ ಆರು ಮೋಟು ನೋಡಿದ, ಏನೂ ಅನ್ನದೆ ಎಲೆಯಡಿಕೆ ಹಾಕಿಕೊಂಡು ಹೋದ. ಬೈದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಆದರೆ ಅದಕ್ಕಿಂತ ದೊಡ್ಡ ಸಂಕಟ ಮನೆಯಲ್ಲೇ ಎದ್ದಿತು. ವೈಶಾಖದಲ್ಲಿ ಮನೆದೇವರ ಹಬ್ಬ. ಗದ್ದಿಗೆ ಕತ್ತರಿಸಿದ ಕೈಯಿಂದ ದೇವರನ್ನು ಕೂರಿಸಲು ದಾಯಾದಿಗಳು ಒಪ್ಪಲಿಲ್ಲ. "ಮೊದ್ಲು ಆ ಹಟ್ಟಿ ತಪ್ಪು ತೀರಿಸ್ಕೊಂಡು ಬಾ, ಆಮೇಲೆ ನಿನ್ನ ಹಬ್ಬ" ಎಂದು ಖಡಾಖಂಡಿತವಾಗಿ ಹೇಳಿಬಿಟ್ಟರು.

ಒಂದು ಬೆಳಿಗ್ಗೆ ಹಟ್ಟಿಯ ಮುಳ್ಳುಬೇಲಿಯ ಹೊರಗೆ ದೊಡ್ಡೀರಪ್ಪನ ಗಾಡಿ ನಿಂತಿತು. ಹಟ್ಟಿಯೊಳಗೆ ಚಪ್ಪಲಿ ಮೆಟ್ಟುವ ಹಾಗಿಲ್ಲ. ಅವನು ಜೋಡು ಕಳಚಿಟ್ಟು ಒಳಗೆ ಬಂದ. ಮೊದಲ ಮನೆಯ ಬಾಗಿಲಲ್ಲಿ ನಿಂತು, ತಾನು ಕಂಬಳಿ ಕತ್ತರಿಸಿದ ಮನುಷ್ಯನ ಹೆಸರೇನೆಂದು ಕೇಳಿದ. "ಪಾತಣ್ಣ" ಎಂದರು. "ಪಾತಣ್ಣನ ಗದ್ದಿಗೆ ಕತ್ತರಿಸ್ದೆ, ತಪ್ಪಾಯ್ತು" ಎಂದ. ಎರಡನೆಯ ಮನೆಯಲ್ಲೂ ಅದನ್ನೇ ಹೇಳಿದ. ನಲವತ್ತು ಮನೆ, ಬರಿಗಾಲು, ಕಾದ ನೆಲ. ಹಟ್ಟಿಯ ಹಿರಿಯರು ಅವನ ಹಿಂದೆಯೇ ನಡೆದು ಒಂದು ಬಾಗಿಲೂ ತಪ್ಪದ ಹಾಗೆ ನೋಡಿಕೊಂಡರು. ಕೊನೆಗೆ ಪಾತಣ್ಣನ ಮನೆಯೇ ಬಂತು. ಬಾಗಿಲಲ್ಲಿ ಕ್ಯಾತಮ್ಮ ಕೂತಿದ್ದಳು, ಮಡಿಲಲ್ಲಿ ಗದ್ದಿಗೆಗೆಂದು ಹೊಸದಾಗಿ ನೇಯಿಸಿ ತೊಳೆದ ಕರಿಕಂಬಳಿ. ಪಕ್ಕದಲ್ಲಿ ಮುದ್ದಕ್ಕ ನಿಂತಿದ್ದಳು.

"ಪಾತಣ್ಣನ ಗದ್ದಿಗೆ ಕತ್ತರಿಸ್ದೆ. ತಪ್ಪಾಯ್ತು ತಾಯಿ" ಎಂದ ದೊಡ್ಡೀರಪ್ಪ, ತಲೆ ಎತ್ತದೆ.

"ಯಾರ್ದು ಅಂದೆ?" ಎಂದಳು ಕ್ಯಾತಮ್ಮ. "ಕಿವಿ ಸರ್ಯಾಗಿ ಕೇಳ್ಸಲ್ಲಪ್ಪ ನಂಗೆ. ಜೋರಾಗಿ ಇನ್ನೊಂದ್ಸಲ ಹೇಳು."

ಅವನು ಜೋರಾಗಿ ಹೇಳಿದ. ಅವಳು ಮತ್ತೆ ಕೇಳಿಸಲಿಲ್ಲ ಎಂದಳು. ಮೂರನೆಯ ಸಲ ಅವನು ಕೂಗಿ ಹೇಳಿದಾಗ ಬೇಲಿಯಾಚೆ ಕುರಿ ಕಾಯುತ್ತಿದ್ದವರೂ ತಿರುಗಿ ನೋಡಿದರು. ಕ್ಯಾತಮ್ಮನ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು.